ತುಂಬದ ಗುಂಡಿ

ಅಂಗಾರಣ್ಣ, ನಿಮ್ಮ ಮಗಳು ಕಮಲ ಸತ್ತದ್ದು ನೀವು ಕೊರೆದ ಸುರಂಗದ ದೆಸೆಯಿಂದಲ್ಲ. ನಾನು ತೋಡಿಸಿದ ಕಕ್ಕಸು ಗುಂಡಿಯಿಂದ. ಅದು ನನಗೆ ಆವತ್ತೇ ಗೊತ್ತಿತ್ತು — ಅವಳು ಸಾಯುವ ಮೊದಲೇ ಗೊತ್ತಿತ್ತು. ಇದನ್ನು ಬರೆಯುವ ಹೊತ್ತಿಗೆ ನೀವೂ ಇಲ್ಲ. ನೀವು ಹೋದ ಮೇಲೆ ಬಾಯಿ ಬಿಡುತ್ತಿದ್ದೇನೆ. ಹೇಡಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಪುಂಜಾಲಕಟ್ಟೆಯ ಕಡೆಗೆ ಗ್ರಾಮಸೇವಕನಾಗಿ ಬಂದವನು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಗುಡ್ಡೆಗೆ, ಹಳ್ಳ-ತೋಡಿನ ಬದಿಗೆ ಹೋಗುವ ಜನರಿಗೆ ಕಕ್ಕಸಿನ ಅಭ್ಯಾಸ ಮಾಡಿಸಬೇಕು ಎಂದು ಮೇಲಿನವರ ಅಪ್ಪಣೆ. ಗುಡ್ಡದ ಮೇಲಿನ ಶಾಲೆಯ ಹಿಂದೆ ಮಾದರಿ ಎಂದು ಒಂದನ್ನು ಕಟ್ಟಿಸಿದೆ. ಅದರ ನೇರ ಕೆಳಗೆ, ಇಳಿಜಾರಿನಲ್ಲಿ ನಿಮ್ಮ ಮನೆ. ಬಾವಿ ತೋಡಿಸುವ ಶಕ್ತಿ ಇಲ್ಲದ ನೀವು ಒಬ್ಬರೇ ಮೂರು ಬೇಸಗೆ ಪಿಕ್ಕಾಸು ಹಿಡಿದು, ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದಿದ್ದಿರಿ. ಒಳಗೆ ಒಸರಿದ ನೀರು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅಂಗಳಕ್ಕೇ ಬಂದು ಬೀಳುತ್ತಿತ್ತು. ಊರಿನಲ್ಲಿ ಯಾರಿಗೆ ಸುರಂಗ ಬೇಕಾದರೂ ನಿಮ್ಮನ್ನೇ ಕರೆಯುತ್ತಿದ್ದರು.

ಆ ಮಳೆಗಾಲ ಇಡೀ ಶಾಲೆಯ ಮಕ್ಕಳು ಬಳಸಿದರೂ ನನ್ನ ಗುಂಡಿ ತುಂಬಲಿಲ್ಲ. ಎಂಥ ಒಳ್ಳೆಯ ಗುಂಡಿ ಎಂದು ಊರೆಲ್ಲ ಹೊಗಳಿತು, ನಾನೂ ಬೀಗಿದೆ. ಮುರಕಲ್ಲಿನ ಗುಡ್ಡ — ಮೈಯೆಲ್ಲ ತೂತು — ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ನನಗೇ ಸಂಶಯ ಬಂದು ಒಂದು ಬೆಳಿಗ್ಗೆ ಎರಡು ಬಾಟ್ಲಿ ಫಿನಾಯಿಲು ಸುರಿದೆ. ಮರುದಿನ ನಿಮ್ಮ ದಂಬೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದೆ. ಫಿನಾಯಿಲಿನ ವಾಸನೆ — ಸಣ್ಣಗೆ, ಆದರೆ ಅದೇ.

ನೀವು ಅಂಗಳಕ್ಕೆ ಬಂದು ಕೇಳಿದಿರಿ: "ಮೇಲಿನ ಗುಂಡಿಯದ್ದು ಈ ನೀರಿಗೆ ಬರ್ಲಿಕ್ಕಿಲ್ಲ ಅಲ್ವಾ ಸ್ವಾಮಿ? ಮಗು ಕುಡಿಯುವ ನೀರು."

"ಇಲ್ಲ ಮಾರಾಯ. ನಾನು ಪರೀಕ್ಷೆ ಮಾಡಿ ಆಯ್ತು."

ಪರೀಕ್ಷೆ ಮಾಡಿದ್ದು ನಿಜವೇ. ಮುಂದಿನ ವಾರ ಮಂಗಳೂರಿನಿಂದ ಮೇಲಧಿಕಾರಿಗಳು ಮಾದರಿ ಕಕ್ಕಸು ನೋಡಲು ಬರುವವರಿದ್ದರು. ಅವರು ಹೋದ ಮರುದಿನವೇ ಮುಚ್ಚಿಸಿದರಾಯಿತು, ಒಂದು ವಾರದಲ್ಲಿ ಏನು ಮಹಾ ಆಗುತ್ತದೆ — ಹೀಗೆ ಯೋಚಿಸಿದೆ. ಐದನೆಯ ದಿನ ಕಮಲಳಿಗೆ ವಾಂತಿಭೇದಿ ಹಿಡಿಯಿತು. ಸುದ್ದಿ ತಿಳಿದು ಬಂದೆ, ಅವಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದೆ. ಬಸ್ಸು ಬರುವ ಮೊದಲೇ ಅವಳ ಕೈ ನನ್ನ ಕುತ್ತಿಗೆಯಿಂದ ಜಾರಿತು. ಆರು ವರ್ಷದ ಕೂಸು.

ಗುಡ್ಡದ ದೈವದ ಅಪ್ಪಣೆ ಕೇಳದೆ ಕೊರೆದದ್ದಕ್ಕೆ ಹೀಗಾಯಿತು ಎಂದು ಊರು ಹೇಳಿತು. ನೀವೂ ನಂಬಿದಿರಿ. ಸುರಂಗದ ಬಾಯಿಗೆ ನೀವೇ ಕಲ್ಲು ಪೇರಿಸುವಾಗ ನಾನು ಪಕ್ಕದಲ್ಲಿ ನಿಂತಿದ್ದೆ — ಒಂದೆರಡು ಕಲ್ಲು ಎತ್ತಿಯೂ ಕೊಟ್ಟೆ. ಆಮೇಲೆ ನೀವು ಪಿಕ್ಕಾಸು ಮುಟ್ಟಲಿಲ್ಲ. ನಿಮ್ಮ ಹೆಂಡತಿ ಮೈಲು ದೂರದ ತೋಡಿನಿಂದ ನೀರು ಹೊತ್ತರು. ಇತ್ತ ಅಧಿಕಾರಿಗಳು ಬಂದು ನನ್ನ ಬೆನ್ನು ತಟ್ಟಿದರು. ಅವರು ಹೋದ ಮೇಲೆ, ಗುಂಡಿ ಕುಸಿದಿದೆ ಎಂದು ಸುಳ್ಳು ಬರೆದು ಮುಚ್ಚಿಸಿದೆ. ಕೆಲಸ ಖಾಯಂ ಆಗಿ ಮೂಡುಬಿದಿರೆಗೆ ಹೋದೆ.

ಕೆಲವು ವರ್ಷ ಕಳೆದು, ಬಿ.ಸಿ. ರೋಡಿನಲ್ಲಿ ಬಸ್ಸು ಕಾಯುತ್ತಿದ್ದಾಗ ನೀವು ಎದುರಾದಿರಿ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನೀವು ಕೈ ಮುಗಿದಿರಿ. "ನನ್ನ ಪಾಪಕ್ಕೆ ಮಗು ಹೋಯ್ತು ಸ್ವಾಮಿ. ಆದರೆ ನೀವು ಅವಳನ್ನು ಹೊತ್ತುಕೊಂಡು ಓಡಿದ್ದು ಉಂಟಲ್ಲ, ಸಾಯುವವರೆಗೆ ಮರೆಯುವುದಿಲ್ಲ."

ಆಗಲಾದರೂ — ಒಂದೇ ಮಾತು ಸಾಕಿತ್ತು. 'ಮಗಳನ್ನು ಕೊಂದವನು ನಾನೇ' ಎಂದುಕೊಂಡು ನೀವು ಬದುಕಬೇಕಾಗಿರಲಿಲ್ಲ.

ನಾನು ಹೇಳಿದ್ದು ಇಷ್ಟು: "ಇರ್ಲಿ ಅಂಗಾರ, ಅದು ನನ್ನ ಕರ್ತವ್ಯ."