ಬಿಸಿಲಿಗೆ ಹರವಿದ ಸುಣ್ಣ

ರೀಬ್ರೀದರ್ ಇಟ್ಟುಕೊಂಡರೆ ಲಾಭವೇನು, ನಷ್ಟವೇನು ಎಂದು ಕೇಳುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರೆಲ್ಲ ಗೋವಾದ ಬೀಚಿನಲ್ಲಿ ನಿಂತು ಕೇಳುತ್ತಾರೆ. ಅಗರಖೇಡದಲ್ಲಿ ನನ್ನ ಕಾಕಾನ ಅಂಗಳಕ್ಕೆ ಬಂದು ಕೇಳಲಿ.

ಗೋವಾದಲ್ಲಿ ಡೈವಿಂಗ್ ಕಲಿಸುತ್ತಿದ್ದವನೊಬ್ಬ ಊರು ಬಿಡುವಾಗ ನನಗೆ ಮಾರಿದ ಯಂತ್ರವದು. ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿದರೆ ನಾವು ಬಿಟ್ಟ ಉಸಿರು ಗುಳ್ಳೆಯಾಗಿ ಹೊರಗೆ ಹೋಗುವುದಿಲ್ಲ. ಕೊಳವೆಯಲ್ಲಿ ಹಿಂದಕ್ಕೆ ಹೋಗಿ, ಡಬ್ಬಿಯೊಳಗಿನ ಸುಣ್ಣದ ಹರಳುಗಳ ನಡುವೆ ಹಾಯ್ದು, ಅಲ್ಲಿ ಕೆಟ್ಟ ಗಾಳಿಯನ್ನು ಕಳೆದುಕೊಂಡು, ಸಿಲಿಂಡರಿನಿಂದ ಚೂರು ಆಮ್ಲಜನಕ ಸೇರಿಸಿಕೊಂಡು ಇನ್ನೊಂದು ಕೊಳವೆಯಲ್ಲಿ ಬಾಯಿಗೆ ಮರಳುತ್ತದೆ. ಊರವರು ಅದನ್ನು ಉಸುರಿನ ಪೆಟಿಗಿ ಎಂದರು.

ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿದ ನನಗೆ, ಬಸವನ ಬಾಗೇವಾಡಿ ಕಡೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳನ್ನು ನೋಡುವ ಹುಚ್ಚಿತ್ತು. ಮಾಮೂಲಿ ಸಿಲಿಂಡರ್ ಕಟ್ಟಿಕೊಂಡು ಇಳಿದರೆ ಗುಳ್ಳೆಗಳೆದ್ದು ಹಳೆಯ ಗೋಡೆಗಳ ಕೆಸರೆಲ್ಲ ಕದಡಿ ಏನೂ ಕಾಣುತ್ತಿರಲಿಲ್ಲ. ಇದರಲ್ಲಿ ಸದ್ದೇ ಇಲ್ಲ. ಮೀನುಗಳು ಮುಖದ ಹತ್ತಿರಕ್ಕೇ ಬರುತ್ತಿದ್ದವು. ಮುದ್ದೇಬಿಹಾಳದ ಮೀನುಗಾರನೊಬ್ಬನ ದೋಣಿಯಿಂದ ಇಳಿದ ದಿನ ಒಂದು ಮನೆಯ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ದೀಪದ ಗೂಡಿನ ಸುತ್ತ ಕುಂಕುಮದ ಕೆಂಪು ಕಂಡದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಟಾರ್ಚ್ ಇಲ್ಲದೆ ಅಷ್ಟು ಆಳದಲ್ಲಿ ಕೆಂಪು ಬಣ್ಣ ಕೆಂಪಾಗಿ ಕಾಣುವುದಿಲ್ಲ, ಮತ್ತು ಆ ದಿನ ನನ್ನ ಬಳಿ ಟಾರ್ಚ್ ಇರಲಿಲ್ಲ. ಹಾಗಾದರೆ ನಾನು ಕಂಡದ್ದೇನು? ಅಂದಿನಿಂದ ನನ್ನ ನೆನಪನ್ನು ನಾನು ಪೂರ್ತಿ ನಂಬಿಲ್ಲ.

ನಾನು ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಾಡಿಗೆ ಮನೆ ಇಕ್ಕಟ್ಟು, ಹೀಗಾಗಿ ಯಂತ್ರ ಕಾಕಾನ ಮನೆಯಲ್ಲಿತ್ತು. ಬೇಸಿಗೆಯಲ್ಲಿ ನಮ್ಮದೇ ಬಾವಿಯಲ್ಲಿ ಕಾಕಾನ ಮಗನಿಗೆ ಅದನ್ನು ಬಳಸುವುದನ್ನೂ ಕಲಿಸಿದ್ದೆ. ಆದರೆ ನಮ್ಮ ಕಡೆಯ ಒಂದು ಪದ್ಧತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೂರಿಗೆ, ನಿಚ್ಚಣಿಕೆ, ಬೆಳೆಗೆ ಎಣ್ಣೆ ಹೊಡೆಯುವ ಪಂಪು ಯಾರ ಮನೆಯಲ್ಲಿರುತ್ತದೋ ಅವರೇ ಎತ್ತಿ ಕೊಡುತ್ತಾರೆ. ಒಡೆಯನನ್ನು ಕೇಳಿ ಕೊಡುತ್ತೇವೆ ಎಂದರೆ ಬಂದವರಿಗೆ ಅವಮಾನ.

ಕಾಕಾನೂ ನನ್ನ ಯಂತ್ರವನ್ನು ಹಾಗೆಯೇ ಕೊಟ್ಟ. ಕನ್ನೊಳ್ಳಿಯ ಬೀಗರ ಬಾವಿಯಲ್ಲಿ ಮೋಟಾರು ಕಳಚಿ ತಳಕ್ಕೆ ಬಿದ್ದಿತ್ತು. ಕಾಕಾನ ಮಗ ಯಂತ್ರ ಕಟ್ಟಿಕೊಂಡು ಇಳಿದು ಮೋಟಾರಿಗೆ ಹಗ್ಗ ಕಟ್ಟಿದ. ಮೇಲೆ ಬರುವಾಗ ಅವನ ಕೈಕಾಲು ಆಡಲಿಲ್ಲ. ಸೊಂಟದ ಹಗ್ಗ ಹಿಡಿದು ನಾಲ್ಕು ಜನ ಎಳೆದುಹಾಕಿದರಂತೆ. ವಾಂತಿ ಮಾಡಿಕೊಂಡು ಏನೇನೋ ಬಡಬಡಿಸಿದನಂತೆ. ಸುದ್ದಿ ಕೇಳಿ ನಾನು ಬಸ್ಸು ಹಿಡಿದು ಅಗರಖೇಡಕ್ಕೆ ಹೋದೆ. ಅವನು ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದ.

"ಏನೂ ಆಗಿಲ್ಲಣ್ಣಾ. ಮಂದಿ ಸುಮ್ನ ದೊಡ್ಡದು ಮಾಡ್ತಾರ. ವಾಂತಿ ನಾ ಮಾಡೇ ಇಲ್ಲ."

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ನಾನು ಸುಣ್ಣದ ಡಬ್ಬಿ ಎಲ್ಲಿ ಎಂದು ಕೇಳಿದೆ. ಕಾಕಾ ಮಾಳಿಗೆ ತೋರಿಸಿದ. ಹತ್ತಿ ನೋಡಿದರೆ ಹಪ್ಪಳ ಒಣಗಿಸುವ ಸೀರೆಯ ಮೇಲೆ ನನ್ನ ಹಳೆಯ ಸುಣ್ಣದ ಹರಳುಗಳು ಹರಡಿದ್ದವು. ಒಂದು ಹಿಡಿ ತೆಗೆದುಕೊಂಡು ಅಂಗಳಕ್ಕೆ ಇಳಿದು ಬಂದೆ.

"ಕಾಕಾ, ಇದು ಮುಗಿದ ಸುಣ್ಣರಿ! ಚೆಲ್ಲಂತ ಹೇಳಿದ್ದಿಲ್ಲೇನು?"

"ಚೆಲ್ಲಂತ ಎಲ್ಲಿ ಹೇಳಿದಿ? ಬೆಳ್ಳಗಿದ್ರ ಛಲೋ, ನೇರಳಿ ಬಣ್ಣಕ್ಕ ಬಂದ್ರ ಮುಗೀತು ಅಂದಿ. ನೇರಳಿ ಆಗಿತ್ತು, ಬಿಸಲಿಗೆ ಹರವಿದ್ನಿ. ನೋಡು, ಹಾಲಿನಂಗ ಬೆಳ್ಳಗ ಆಗೇತಿ. ಮೊನ್ನಿನೂ ಹಿಂಗ ಒಣಗಿಸಿ ಇದನ್ನ ತುಂಬಿ ಕೊಟ್ಟೇನಿ."

ಕಾಕಾ ಹೇಳಿದ್ದು ಸುಳ್ಳಲ್ಲ. ಒಣಗಿಸಿಟ್ಟರೆ ಆ ಹರಳು ಮತ್ತೆ ಬೆಳ್ಳಗಾಗುತ್ತದೆ. ಬಣ್ಣ ಮಾತ್ರ ಮರಳುತ್ತದೆ, ಕೆಟ್ಟ ಗಾಳಿ ಹೀರುವ ಶಕ್ತಿ ಮರಳುವುದಿಲ್ಲ. ಹೀಗೆ ಬೆಳ್ಳಗಾದದ್ದನ್ನು ನಂಬಬಾರದು ಎಂದು ನಾನು ಹೇಳಿದ್ದೆ. ಈ ಅಂಗಳದಲ್ಲೇ, ಈ ಕಟ್ಟೆಯ ಮೇಲೇ ಕೂತು ಹೇಳಿದ್ದೆ. ಹೇಳಿದ್ದೆನೇ? ಹೆಂಡತಿಗೆ ಫೋನ್ ಮಾಡಿದರೆ, "ಅದನ್ನ ನೀವು ನನಗ ಹೇಳಿದ್ರಿ, ಕಾಕಾಗ ಹೇಳಿದ್ದು ನಾ ಕೇಳಿಲ್ಲ" ಎಂದಳು. ಕುಂಕುಮವಿಲ್ಲದ ಗೋಡೆಗೆ ಕುಂಕುಮ ಹಚ್ಚಿದ ತಲೆ ಇದು. ಆಡದ ಮಾತನ್ನೂ ಆಡಿದ್ದೆನೆಂದು ಸೇರಿಸಿಕೊಂಡಿರಬಹುದು.

ಅಷ್ಟರಲ್ಲಿ ಕಾಕಾನ ಮಗ, "ನಾಳಿ ಮುಂಜಾನೆ ಚಡಚಣಕ್ಕ ಹೊಂಟೇನಿ. ದ್ರಾಕ್ಷಿ ತೋಟದವರ ಬಾವ್ಯಾಗ ಮೋಟಾರ್ ಬಿದ್ದೈತಂತ" ಎಂದ.

"ಇದನ್ನ ತುಂಬ್ಕೊಂಡು ಇಳದ್ರ ಸಾಯ್ತಿಯಲೇ!"

"ಮೊನ್ನಿ ಸತ್ನೇನು? ಎರಡ ನಿಮಿಷ. ಹಗ್ಗ ಕಟ್ಟಿ ಬರೂದು."

ಕಾಕಾ ನಕ್ಕ. "ಸಾಲಿ ಕಲ್ತ ಮಂದೀದು ಹಿಂಗ ನೋಡು. ತಾ ಮಂದಿ ಬಾವಿಗೆ ಇಳಿಯಂಗಿಲ್ಲ, ಇಳಿಯಾವ್ರಿಗೂ ಬಿಡಂಗಿಲ್ಲ. ಅವರಿಗೆ ಹೂಂ ಅಂದೇನಿ. ಈಗ ಇಲ್ಲ ಅಂದ್ರ ನನ್ನ ಮಾರಿ ಎಲ್ಲಿಡ್ಲಿ?"

ಮಗನ ಜೀವಕ್ಕಿಂತ ದ್ರಾಕ್ಷಿ ತೋಟದವರಿಗೆ ಅಂದ ಹೂಂ ದೊಡ್ಡದಾಗಿತ್ತು. ಈ ಸುಣ್ಣ ಚೆಲ್ಲಿದರೆ, ಗೋಡೆಗೆ ಬಳಿಯುವ ಸುಣ್ಣ ತುಂಬಿಕೊಂಡಾದರೂ ಇಳಿದಾನು. ಯಂತ್ರವನ್ನು ಸಿಂದಗಿಗೆ ಒಯ್ಯೋಣವೆಂದರೆ, ನಾನು ಕಾಲೇಜಿಗೆ ಹೋದ ಹೊತ್ತಿಗೆ ಇವನು ಬಂದು ನಿಲ್ಲುತ್ತಾನೆ. ಕಾಕಾ ಕಳಿಸಿದ್ದಾನೆ ಎಂದರೆ ನನ್ನ ಹೆಂಡತಿ ಇಲ್ಲ ಎನ್ನಲಾರಳು. ಇನ್ನೊಮ್ಮೆ ತಿಳಿಸಿ ಹೇಳೋಣವೆಂದರೆ, ಹೋದ ಸಲ ಏನು ಹೇಳಿದೆನೆಂಬುದೇ ನನಗೆ ಖಾತ್ರಿಯಿಲ್ಲ.

ಕುಡಗೋಲು ಮೇವಿನ ಪೆಂಡಿಗೆ ಸಿಕ್ಕಿಸಿಟ್ಟಿತ್ತು. ಅದನ್ನು ಎಳೆದುಕೊಂಡು ಕಟ್ಟೆಯ ಮೇಲಿದ್ದ ಯಂತ್ರದ ಮುಂದೆ ಕೂತೆ. ದಪ್ಪ ರಬ್ಬರು, ಬೇಗ ಹರಿಯಲಿಲ್ಲ. ಕೊನೆಗೂ ಒಂದು ಕೊಳವೆ ಎರಡು ತುಂಡಾಯಿತು. ಆಮೇಲೆ ಕಾಕಾನ ಮಗ, "ಹುಚ್ಚ ಹಿಡದೈತಿ ಇವನಿಗೆ" ಎಂದು ಎದ್ದು ಹೋದ.

ಕಾಕಾ ಮಾತ್ರ ಹತ್ತಿರ ಬಂದು ಬಗ್ಗಿದ. ತುಂಡನ್ನು ಕೈಗೆತ್ತಿಕೊಂಡು, ಅದರ ಬಾಯಿಯೊಳಗೆ ಬೆರಳು ಹಾಕಿ ತಿರುಗಿಸಿ ನೋಡಿದ.

"ಇಂಡಿ ಊರಾಗ ಪಂಚರ್ ತಗಿಯಾಂವ ಅದಾನ. ಸೈಕಲ್ ಟ್ಯೂಬ್ ಸುತ್ತಿ ಸೊಲೂಷನ್ ಹಚ್ಚಿದ್ರ ನಾಳಿಗೆ ನಡೀತೈತಿಲ್ಲ?"

ನಾನು ಆ ತುಂಡನ್ನು ಅವನ ಕೈಯಿಂದ ಕಸಿದುಕೊಂಡೆ. ಅದನ್ನೂ, ಉಳಿದಿದ್ದ ಇನ್ನೊಂದು ಕೊಳವೆಯನ್ನೂ ಬೆರಳುದ್ದದ ಚೂರು ಚೂರು ಮಾಡಿದೆ.