ಗಾಜಿನ ಕಪಾಟಿನ ಹೋಟೆಲು

“ಅಮ್ಮಾ, ಕುಶಲ ಮಾವಶಿ ಇಷ್ಟು ದೊಡ್ಡವಳಾದ ಮೇಲೂ ಮತ್ತೆ ಯಾಕೆ ಕಾಲೇಜಿಗೆ ಹೋಗ್ತಾಳೆ? ಫೇಲ್ ಆಗಿದ್ಲಾ?”

ಒಂದನೇ ಕ್ಲಾಸಿನ ಮಾನಸಿ ಜಡೆ ಹಾಕಿಸಿಕೊಳ್ಳುತ್ತ ಕೇಳಿದ ಈ ಮಾತು ರಮಿತಾಳ ಕಿವಿಗೆ ಹಿತವಾಗಿ ಬಿತ್ತು. ‘ಇಲ್ಲ ಪುಟ್ಟಿ, ಡಿಸೈನ್ ಕಲಿಯಲು ಹೋಗ್ತಾಳೆ’ ಎನ್ನಬೇಕಿತ್ತು. “ಹಾಗೇ ಅಂತ ಇಟ್ಟುಕೋ” ಎಂದು ರಿಬ್ಬನ್ನನ್ನು ಒಂದು ಸುತ್ತು ಹೆಚ್ಚೇ ಬಿಗಿದಳು. ಮಗು “ಆಯಿ ಗಂ!” ಎಂದು ಚೀರಿದ ಮೇಲೆ ಸಡಿಲಿಸಿ ನೆತ್ತಿಗೊಂದು ಮುತ್ತು ಕೊಟ್ಟಳು. ಹೊಟ್ಟೆಯೊಳಗಿನ ಉರಿಗೆ ಮಗುವಿನ ಕೂದಲು ಯಾಕೆ ನೋಯಬೇಕು?

ಮಾನಸಿ ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಕುಶಲ ಡೊಂಬಿವಲಿಯವಳು. ರಮಿತಾಳ ತವರಿನ ಚಾಳಿನಲ್ಲಿ ಪಕ್ಕದ ಖೋಲಿಯವಳು, ಅವಳಿಗಿಂತ ಮೂರು ವರ್ಷ ಚಿಕ್ಕವಳು. ಅವಳಪ್ಪ ಲೋಕನಾಥ ಕುಂದಾಪುರದ ಕಡೆಯಿಂದ ಬಂದು ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ರಮಿತಾಳ ಅಪ್ಪ ದಯಾನಂದ ಅದೇ ಹೋಟೆಲಿನ ಗಲ್ಲೆಯಲ್ಲಿ ಬಿಲ್ಲಿನ ಹಣ ಎಣಿಸುತ್ತ ಕೂತವರು. ಅಪ್ಪಂದಿರು ಒಂದೇ ಲೋಕಲ್ ಹಿಡಿದು ಹೋಗಿ ಬರುತ್ತಿದ್ದರು. ಮಕ್ಕಳು ಖೋಲಿಗಳ ಮುಂದಿನ ಒಂದೇ ಗ್ಯಾಲರಿಯಲ್ಲಿ ಆಡುತ್ತಿದ್ದರು. ರಮಿತಾ ಚಿತ್ರ ಬರೆದರೆ ಇಡೀ ಚಾಳು ಹೊಗಳುತ್ತಿತ್ತು. ಕುಶಲ ಬೆಂಕಿಕಡ್ಡಿಯಲ್ಲಿ ಕುರ್ಚಿ ಮಾಡಿದರೆ ಅವಳಮ್ಮ ಸುಂದರಿ, “ಕಸ ಮಾಡ್ಬೇಡ ಮಾರಾಯ್ತಿ, ಗುಡಿಸುವವರು ಯಾರು?” ಎನ್ನುತ್ತಿದ್ದರು.

ರಮಿತಾ ಹದಿನೆಂಟರಲ್ಲಿ ಆರ್ಟ್ ಕಾಲೇಜಿನ ಫಾರ್ಮ್ ತಂದಿದ್ದಳು. ತುಂಬಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಇವತ್ತು, ನಾಳೆ ಎನ್ನುವಷ್ಟರಲ್ಲಿ ಕೊನೆಯ ತಾರೀಖು ಕಳೆದಿತ್ತು. ಇದನ್ನು ನೆನೆದಾಗಲೆಲ್ಲ ದೂರಲು ಒಬ್ಬರಾದರೂ ಇದ್ದಿದ್ದರೆ ಎಂದು ಅವಳಿಗೆ ಅನಿಸುತ್ತದೆ.

ಮುಂದೆ ಕಾಲೇಜಿನ ಗೆಳೆಯ ಸೂರಜ್‌ನೊಂದಿಗೆ ಮದುವೆ ಗೊತ್ತಾಯಿತು. ಅವರದು ಮರಾಠಿ ಮನೆ, ರುಖವತ್ ಇಡಲೇಬೇಕು ಎಂದರು. ಮದುಮಗಳ ಕೈಕೆಲಸವನ್ನೆಲ್ಲ ಮಂಟಪದ ಪಕ್ಕ ಮೇಜಿನ ಮೇಲೆ ಜೋಡಿಸಿಡುವ ಶಾಸ್ತ್ರ ಅದು. ಬಂದವರು ನೋಡಿ, ಹುಡುಗಿಯೇ ಮಾಡಿದ್ದಾ ಎಂದು ಕೇಳಬೇಕು. ಹುಡುಗಿಯ ತಾಯಿ ಹೌದು ಎನ್ನಬೇಕು. “ನಮ್ಮಲ್ಲಿ ಇದೆಲ್ಲ ಎಲ್ಲಿ ಉಂಟು?” ಎಂದು ರಮಿತಾಳ ಅಮ್ಮ ತಲೆಗೆ ಕೈ ಹೊತ್ತಾಗ ಇಪ್ಪತ್ತೆರಡರ ಕುಶಲ, “ನಾನು ಮಾಡಿ ಕೊಡ್ತೇನೆ, ಬಿಡಿ ದೊಡ್ಡಮ್ಮ” ಎಂದಳು.

ಮಾಡಿದ್ದು ಅಪ್ಪಂದಿರ ಆ ಹೋಟೆಲನ್ನೇ. ಊಟದ ತಟ್ಟೆಯಷ್ಟು ಜಾಗದಲ್ಲಿ ಸಾಬೂನು ಕೆತ್ತಿ ಮಾಡಿದ ಬಿಳಿ ಮೇಜುಗಳು, ಉಗುರಿನಷ್ಟಗಲದ ಸ್ಟೀಲ್ ತಟ್ಟೆಗಳು, ಹಪ್ಪಳದ ಹಿಟ್ಟಿನ ದೋಸೆಗಳು, ಗಲ್ಲೆಯಲ್ಲಿ ಬಿಳಿ ಅಂಗಿಯ ದಯಾನಂದ, ಎದುರಿಗೆ ಸೋಂಪಿನ ಬಟ್ಟಲು. ಮದುವೆಗೆ ಬಂದವರು ಊಟದ ಸಾಲು ಬಿಟ್ಟು ಅದರ ಮುಂದೆ ನಿಂತರು. ಅತ್ತೆ ವಿಮಲಾ ಅದನ್ನು ಕಾಮೋಠೆಯ ಮನೆಗೆ ಒಯ್ದು ಹಾಲ್‌ನ ಗಾಜಿನ ಕಪಾಟಿನಲ್ಲಿಟ್ಟರು. ಎಂಟು ವರ್ಷಗಳಿಂದ ಮನೆಗೆ ಬಂದವರಿಗೆಲ್ಲ ಚಹಾಕ್ಕೆ ಮುಂಚೆ ಅದನ್ನು ತೋರಿಸುತ್ತಾರೆ: “ನಮ್ಮ ಸೊಸೆ ಕೈಯಾರೆ ಮಾಡಿದ್ದು!” ಆ ಹೆಸರಿನಿಂದಲೇ ಸೊಸೈಟಿಯ ಗಣಪತಿ ಹಬ್ಬದಲ್ಲಿ ಮಕ್ಕಳ ಚಿತ್ರಕ್ಕೆ ಬಹುಮಾನ ಆರಿಸುವವಳು ರಮಿತಾ. ಮಾನಸಿಯ ಶಾಲೆಯ ಪ್ರಾಜೆಕ್ಟ್ ಬಂದಾಗ ಮಾತ್ರ ಬಾತ್‌ರೂಮಿಗೆ ಹೋಗಿ ಕುಶಲಳಿಗೆ ಫೋನ್ ಮಾಡುತ್ತಾಳೆ.

ಅದಾದ ಮೇಲೆ ಹೆಣ್ಣು ಹೆತ್ತ ತಾಯಂದಿರ ಕಿವಿಯಿಂದ ಕಿವಿಗೆ ಕುಶಲಳ ಹೆಸರು ಹೋಯಿತು. ವಾಶಿಯ ಆಫೀಸಿನಲ್ಲಿ ಟೈಪಿಂಗ್ ಕೆಲಸ, ಮದುವೆಯ ದಿನಗಳು ಬಂದರೆ ರುಖವತ್. ಬೆಳಿಗ್ಗೆ ಬೇಗ ಹಾಲ್‌ಗೆ ಹೋಗಿ ಜೋಡಿಸಬೇಕು, ಅತಿಥಿಗಳು ಬರುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಟುಬಿಡಬೇಕು, ಫೋಟೋ ತೆಗೆಯಬಾರದು. ಇಷ್ಟು ಮದುವೆಗಳಲ್ಲಿ ಒಂದು ಎಲೆಯ ಮುಂದೂ ಅವಳು ಊಟಕ್ಕೆ ಕೂತವಳಲ್ಲ.

ಅಂಥವಳು ಮೂವತ್ತನೆಯ ವಯಸ್ಸಿಗೆ ಒಂದು ಡಿಸೈನ್ ಸಂಸ್ಥೆಯ ಪರೀಕ್ಷೆ ಬರೆದು ಪಾಸಾಗಿದ್ದಳು. ಇನ್ನು ಪೋರ್ಟ್‌ಫೋಲಿಯೋ ಒಪ್ಪಿಸಿ ಇಂಟರ್‌ವ್ಯೂಗೆ ಹೋಗಬೇಕು. ಮಾಡಿದ ಕೆಲಸದ ಫೋಟೋ ಬೇಕು, ಕಚ್ಚಾ ಚಿತ್ರಗಳು ಬೇಕು, ಕೆಲಸ ಅವಳದೇ ಎಂದು ಮಾಡಿಸಿಕೊಂಡವರು ಬರೆದುಕೊಡಬೇಕು. ಹತ್ತು ದಿನದ ಹಿಂದೆ ಫೋನ್ ಮಾಡಿ ಆ ಹೋಟೆಲಿನ ಫೋಟೋ ಕೇಳಿದಾಗ ರಮಿತಾ, “ಕಪಾಟಿಗೆ ಬೀಗ ಉಂಟು, ಬೀಗದ ಕೈ ಆಯೀ ಹತ್ರ, ಅವರು ಪುಣೆಗೆ ಹೋಗಿದ್ದಾರೆ” ಎಂದಿದ್ದಳು. ಆಯೀ, ಎಂದರೆ ಅತ್ತೆ, ಆಗ ಪಕ್ಕದಲ್ಲೇ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಕಪಾಟಿಗೆ ಬೀಗವೇ ಇರಲಿಲ್ಲ.

ಭಾನುವಾರ ಕುಶಲ ತಾನೇ ಬಂದಳು. ಥಾಣೆಯಲ್ಲಿ ಲೋಕಲ್ ಬದಲಿಸಿ, ಮಾನಸರೋವರ ಸ್ಟೇಷನ್ನಿನಲ್ಲಿಳಿದು, ಕಂಕುಳಲ್ಲಿ ದೊಡ್ಡ ಕಪ್ಪು ಫೋಲ್ಡರ್ ಅವುಚಿಕೊಂಡು. ವಿಮಲಾ ಅವಳನ್ನು ಕೂರಿಸಿ ರೂಢಿಯಂತೆ ಕಪಾಟಿನತ್ತ ಕೈ ತೋರಿದರು. “ಇದನ್ನು ನೋಡಿದ್ದೀಯೇನೇ? ನಿನ್ನ ಗೆಳತಿ ಮಾಡಿದ್ದು!”

ಕುಶಲ ಬಗ್ಗಿ, ಮೊದಲ ಸಲ ನೋಡುವವಳಂತೆ ನೋಡಿ, “ಕಿತೀ ಸುಂದರ, ಕಾಕೂ!” ಎಂದಳು.

ಬೈದಿದ್ದರೆ ರಮಿತಾ ಜಗಳವಾಡಬಹುದಿತ್ತು. ಈ ದೊಡ್ಡಸ್ತಿಕೆಯನ್ನು ಏನು ಮಾಡುವುದು?

ಅತ್ತೆಗೆ ಕನ್ನಡ ಬಾರದು. ಅವರೆದುರಿಗೇ ಇಬ್ಬರೂ ಕನ್ನಡಕ್ಕಿಳಿದರು.

“ಬೀಗ ಕಾಣುದಿಲ್ವಲ್ಲ ಅಕ್ಕ?”

“ಮೊನ್ನೆ ತೆಗೆಸಿದ್ದು.”

“ಹೌದಾ? ಕಾಕೂ ಪುಣೆಯಿಂದ ಯಾವಾಗ ಬಂದ್ರು?”

“ಎಂತ ನೀನು, ಪೊಲೀಸಾ? ಫೋಲ್ಡರ್ ತೋರಿಸು.”

ಕುಶಲ ನಕ್ಕು ಜಿಪ್ ಎಳೆದಳು. ಮೊದಲ ಪುಟ ಖಾಲಿ, ಎರಡನೆಯದೂ ಖಾಲಿ. “ಹನ್ನೊಂದು ಮನೆಗೆ ಫೋನ್ ಮಾಡಿದೆ. ಒಬ್ಬರು, ‘ನನ್ನ ಮಗಳ ಸಂಸಾರ ಮುರೀಬೇಕಂತ ಇದ್ದೀಯಾ?’ ಅಂತ ಕೇಳಿದ್ರು. ಫೋಟೋ ಒಂದೂ ಇಲ್ಲ. ನನ್ನ ಹತ್ರ ಇರುದು ಇದು ಮಾತ್ರ.”

ಹಳೆಯ ನೋಟುಬುಕ್ಕು. ಆ ಮದುವೆಗೆ ಮುಂಚೆ ಮೂರು ಸಂಜೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಒಂದೊಂದು ಚಹಾ ಹಿಡಿದು ಕೂತು, ಬೆಂಕಿಕಡ್ಡಿಯಲ್ಲಿ ಅಳತೆ ನೋಡಿ ಬರೆದ ಚಿತ್ರಗಳು. ರಮಿತಾ ಪುಟ ತಿರುವುತ್ತ ಹೋದಳು. ಗೆರೆಗಳು ಸೊಟ್ಟ ಎಂದು ಒಳಗೇ ಖುಷಿಪಟ್ಟಳು. ಇದಕ್ಕಿಂತ ಚೆನ್ನಾಗಿ ತಾನು ಹದಿನೆಂಟರಲ್ಲೇ ಬರೆಯುತ್ತಿದ್ದೆ ಎಂದುಕೊಂಡಳು. ಆಮೇಲೆ ಗಲ್ಲೆಯ ಚಿತ್ರ ಬಂತು. ಅಪ್ಪ ಕೂತಿದ್ದಾರೆ, ಮೇಜಿನ ಕೆಳಗೆ ಎಡಗಾಲು ಚಪ್ಪಲಿಯಿಂದ ಹೊರಗಿದೆ, ಸೋಡಾ ಕ್ರೇಟಿನ ಮೇಲಿದೆ. ಪಕ್ಕದಲ್ಲಿ ಕುಶಲಳ ಅಕ್ಷರ: ‘ದೊಡ್ಡಪ್ಪನ ಕಾಲು ಊದುತ್ತದೆ. ಯಾರಿಗೂ ಹೇಳುವುದಿಲ್ಲ.’

ಅಪ್ಪನ ಕಾಲಿಗೆ ಈಗ ಕಲ್ಯಾಣದಲ್ಲಿ ವಾರಕ್ಕೊಮ್ಮೆ ಡ್ರೆಸ್ಸಿಂಗ್ ಆಗುತ್ತದೆ. ಮನೆಯವರಿಗೆ ತಿಳಿದದ್ದು ಹೋದ ವರ್ಷ. ಅದೇ ಹೋಟೆಲಿಗೆ ರಮಿತಾ ಕಾಲೇಜಿನಿಂದ ದಿನಾ ಹೋಗಿ ಇಡ್ಲಿ ತಿಂದು ಬರುತ್ತಿದ್ದಳು. ಅಡ್ಮಿಷನ್ನಿಗೆ ಹುಟ್ಟಿದ ಹೊಟ್ಟೆಕಿಚ್ಚು ಆ ಪುಟದ ಮುಂದೆ ಏನೂ ಅಲ್ಲ ಎನಿಸಿತು. ಇವಳು ನನ್ನ ಅಪ್ಪನನ್ನು ನನಗಿಂತ ಮೊದಲು ನೋಡಿಬಿಟ್ಟಿದ್ದಳು.

ಮುಂದಿನ ಪುಟದಲ್ಲಿ ಕಾವಲಿಯ ಮುಂದೆ ಲೋಕನಾಥ, ಕೈಯಲ್ಲಿ ಸಟ್ಟುಗ. ರಮಿತಾ ತಲೆಯೆತ್ತಿ ಕಪಾಟು ನೋಡಿದಳು. ಗಾಜಿನೊಳಗೆ ಕಾವಲಿಯಿತ್ತು, ಮೇಲೆ ದೋಸೆಯಿತ್ತು. ಮುಂದೆ ಯಾರೂ ಇರಲಿಲ್ಲ. ಎಂಟು ವರ್ಷ ಅದರ ಧೂಳು ಒರೆಸಿದವಳು ಅವಳೇ.

“ನಿನ್ನ ಅಪ್ಪ ಎಲ್ಲಿ?”

“ಮಾಡಿದ್ದೆ. ಆಮೇಲೆ ತೆಗೆದೆ. ನಿನ್ನ ರುಖವತ್‌ನಲ್ಲಿ ನನ್ನ ಅಪ್ಪ ನಿಂತ್ರೆ ಯಾರಾದ್ರೂ ಕೇಳ್ತಿದ್ರಲ್ಲ, ಇದು ಮಾಡಿದ್ದು ಯಾರು ಅಂತ?” ಕುಶಲ ನೋಟುಬುಕ್ಕು ಮುಚ್ಚಿದಳು. “ನಾಳೆ ಕೊನೆಯ ತಾರೀಖು, ಅಕ್ಕ.”

ಆ ಮಾತು ರಮಿತಾಳಿಗೆ ಚುಚ್ಚಿತು. ಒಂದು ತಾರೀಖನ್ನು ತನಗಾಗಿ ಕಳೆದವಳು, ಇನ್ನೊಂದನ್ನು ಇವಳಿಗಾಗಿ ಕಳೆಯುವುದೆ? ಅವಳು ಎದ್ದು ಕಪಾಟಿನ ಬಾಗಿಲು ಸರಿಸಿ ಹೋಟೆಲನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗಿಟ್ಟಳು. ಮರಾಠಿಯಲ್ಲಿ ಹೇಳಿದಳು:

“ಆಯೀ, ಇದನ್ನು ನಾನು ಮಾಡಿದ್ದಲ್ಲ. ಇವಳು ಮಾಡಿದ್ದು. ಅವಳ ಅಡ್ಮಿಷನ್ನಿಗೆ ಈಗ ಹಾಗಂತ ಬರೆದುಕೊಡ್ತಾ ಇದ್ದೇನೆ.”

ವಿಮಲಾ ಸೊಸೆಯನ್ನು ನೋಡಿದರು, ಕಪ್ಪು ಫೋಲ್ಡರನ್ನು ನೋಡಿದರು. ಆಮೇಲೆ ಅವರ ಮುಖ ಅರಳಿತು. “ನೋಡಿದ್ಯಾ ಕುಶಲ! ಗೆಳತಿಗೆ ಅಡ್ಮಿಷನ್ ಸಿಗ್ಲಿ ಅಂತ ತನ್ನ ಕೈಕೆಲಸವನ್ನೇ ದಾನ ಮಾಡ್ತಾಳೆ. ಎಂಥಾ ಮನಸ್ಸು! ಬರೆದುಕೊಡು ಮಗಳೇ, ನಾನು ಯಾರಿಗೂ ಹೇಳೋದಿಲ್ಲ.”

“ಆಯೀ, ನಿಜವಾಗ್ಲೂ—”

“ಗೊತ್ತು, ಗೊತ್ತು” ಎಂದು ಕಣ್ಣು ಮಿಟುಕಿಸಿ ಅವರು ಲಾಡು ತರಲು ಒಳಗೆ ಹೋದರು.

ಕುಶಲ ಸೋಫಾದ ದಿಂಬಿಗೆ ಮುಖ ಒತ್ತಿ ನಕ್ಕಳು. ರಮಿತಾಳಿಗೆ ನಗು ಬರಲಿಲ್ಲ. ಬರೆದು ಸಹಿ ಹಾಕಿದಳು, ಎಲ್ಲ ಬದಿಯಿಂದ ಫೋಟೋ ತೆಗೆದುಕೊಟ್ಟಳು, ಪ್ರಯಾಣಕ್ಕೆ ನಾಲ್ಕು ಚಪಾತಿ ಸುತ್ತಿಕೊಟ್ಟಳು. ಉರಿ ಮಾತ್ರ ಇದ್ದಲ್ಲೇ ಇತ್ತು.

ಗೇಟಿನ ಹೊರಗೆ ರಿಕ್ಷಾ ನಿಂತಿತು. ಒಂದು ಕಾಲು ಒಳಗಿಟ್ಟ ಕುಶಲ ತಿರುಗಿದಳು.

“ಅಕ್ಕ, ಒಂದು ಉಪಕಾರ ಮಾಡ್ತೀಯಾ? ಇಂಟರ್‌ವ್ಯೂ ದಿನವೇ ಕಲ್ಯಾಣದಲ್ಲಿ ಒಂದು ಮದುವೆ ಉಂಟು. ಸಾಮಾನೆಲ್ಲ ಮಾಡಿ ಇಟ್ಟಿರ್ತೇನೆ, ಬೆಳಿಗ್ಗೆ ಹೋಗಿ ಮೇಜಿನ ಮೇಲೆ ಜೋಡಿಸುದು ಮಾತ್ರ. ನಿನ್ನ ಕೈಗೆ ಅದು ಬರ್ತದೆ. ಅತಿಥಿಗಳು ಬರುದರೊಳಗೆ ಹಿಂದಿನ ಬಾಗಿಲಿಂದ ಹೊರಟುಬಿಡು, ಆಯ್ತಾ? ಯಾರಾದ್ರೂ ಕೇಳಿದ್ರೆ, ಹುಡುಗಿಯೇ ಮಾಡಿದ್ದು ಅಂತ ಹೇಳು.”