ಮೀಟರ್ ಎಣಿಸಿದ ಗಾಳಿ

ಕೊರೋನಾ ಕಳೆದ ಮರುವರ್ಷದ ಮಾತು. ಆಗ ನಾನು ಅರಸೀಕೆರೆಯಲ್ಲಿದ್ದುಕೊಂಡು ಸುತ್ತಲಿನ ಕಾರ್ಖಾನೆ, ಡೇರಿಗಳ ಫ್ಲೋ ಮೀಟರ್ ನೋಡಿಕೊಳ್ಳುವ ಸರ್ವಿಸ್ ಇಂಜಿನಿಯರ್. ಪೈಪಿನಲ್ಲಿ ಎಷ್ಟು ದ್ರವ ಹರಿಯಿತು ಎಂದು ಲೆಕ್ಕ ಕೊಡುವ ಉಪಕರಣ ಅದು.

ಮಾದಿಹಳ್ಳಿ ಕಡೆಯ ಒಂದು ಖಾಸಗಿ ಹಾಲು ಶೀತಲೀಕರಣ ಕೇಂದ್ರದಿಂದ ಕರೆ ಬಂತು. ಟ್ಯಾಂಕರಿಗೆ ತುಂಬುವಾಗ ಮೀಟರ್ ತೋರಿಸಿದಷ್ಟು ಹಾಲು ಆಚೆ ಡೇರಿಯ ತೂಕದಲ್ಲಿ ಸಿಗುತ್ತಿರಲಿಲ್ಲ. ಕೊರತೆ ಬೀಳುತ್ತಿದ್ದುದು ಬೆಳಗಿನ ಪಾಳಿಯಲ್ಲಿ ಮಾತ್ರ. ಆ ಪಾಳಿಯ ಆಪರೇಟರ್ ಧರಣಪ್ಪ, ಹಳೇಬೀಡಿನ ಜೈನರು, ನಿವೃತ್ತಿಗೆ ಹತ್ತಿರವಾಗಿದ್ದವರು. ಅವರನ್ನು ಯಾರೂ ನೇರವಾಗಿ ಕಳ್ಳ ಎನ್ನುತ್ತಿರಲಿಲ್ಲ. ತಮಾಷೆ ಮಾಡುತ್ತಿದ್ದರು.

"ಏನ್ ಧರಣಪ್ಪಣ್ಣ, ದಿನಾ ಅಷ್ಟು ಹಾಲು ಕುಡುದ್ರೂ ಮೈಗೆ ಹತ್ತಿಲ್ವಲ್ಲ ನಿಂಗೆ!" ಎಂದು ಟ್ಯಾಂಕರ್ ಡ್ರೈವರ್ ನನ್ನೆದುರೇ ನಕ್ಕ.

ಧರಣಪ್ಪ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. "ಸಾ, ಮೀಟ್ರಲ್ಲೇ ಏನೋ ಐತೆ. ಹುಡುಕಿ ಕೊಡಿ. ಈ ಹೆಸ್ರು ಹೊತ್ಕಂಡು ನಮ್ಮ ಬೀದೀಲಿ ಓಡಾಡಕ್ಕಾಗಲ್ಲ."

ವಾಲ್ವ್ ಮುಚ್ಚಿ, ಪೈಪು ತುಂಬಿದ್ದಾಗ ಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ಮೊದಲು ನೋಡಿದೆ. ತೋರಿಸಿತು. ಹರಿವನ್ನು ಗ್ರಹಿಸುವ ಎಲೆಕ್ಟ್ರೋಡ್ ಮೇಲೆ ಜಿಡ್ಡು ಕಟ್ಟಿರಲಿಲ್ಲ. ಅರ್ಥಿಂಗ್ ಸರಿಯಿತ್ತು. ಉಪಕರಣದಲ್ಲಿ ದೋಷವಿಲ್ಲ ಎಂದು ಬರೆದು ಹೊರಟರೆ ದೋಷ ಮನುಷ್ಯನ ತಲೆಗೆ ಬರುತ್ತದೆ. ಹಾಗಾಗಿ ಮರುದಿನ ಬೆಳಗಿನ ಲೋಡಿಂಗ್ ಮುಗಿಯುವವರೆಗೂ ನಿಂತೆ.

ಟ್ಯಾಂಕಿನ ತಳದಲ್ಲಿ ಸ್ವಲ್ಪ ಹಾಲಿರುವಾಗಲೇ ಬೇರೆ ಪಾಳಿಯವರು ಪಂಪ್ ನಿಲ್ಲಿಸುತ್ತಿದ್ದರಂತೆ. ಧರಣಪ್ಪ ನಿಲ್ಲಿಸಲಿಲ್ಲ. ಪಂಪು ಗೊರಗೊರ ಸದ್ದು ಮಾಡಿದರೂ ತಳ ಬರಿದಾಗುವವರೆಗೆ ಬಿಟ್ಟರು.

"ಉಳಿದ್ರೆ ನೀರು ಹಾಕಿ ತೊಳ್ದು ಮೋರಿಗೆ ಬಿಡ್ತಾರೆ ಸಾ. ಕರುಗೂ ಬಿಡ್ದೆ ಕರ್ದಿರೋ ಹಾಲು ಅದು."

ಆ ಹೊತ್ತಿನಲ್ಲಿ ಪೈಪಿನೊಳಗೆ ಹೋಗುತ್ತಿದ್ದುದರಲ್ಲಿ ಹಾಲಿಗಿಂತ ಗಾಳಿಯೇ ಹೆಚ್ಚು. ಮೀಟರ್ ಅಳೆಯುವುದು ಹರಿವಿನ ವೇಗವನ್ನು. ಪೈಪು ತುಂಬಿದೆ ಎಂದೇ ಅದರ ನಂಬಿಕೆ. ಅದು ಗಾಳಿಯನ್ನೂ ಹಾಲೆಂದು ಎಣಿಸುತ್ತಿತ್ತು.

ಬೇಲೂರು ಆಫೀಸಿನಲ್ಲಿದ್ದ ಕೇಂದ್ರದ ಮ್ಯಾನೇಜರ್ ನಟೇಶ್‌ಗೆ ಫೋನ್ ಮಾಡಿ, ನಾಳೆ ಒಂದು ಲೋಡಿಂಗ್ ಕಣ್ಣಾರೆ ನೋಡಿ ಎಂದೆ.

"ನೋಡೋಕೆಲ್ಲಿ ಟೈಮಿದೆ ಸಾರ್? ಮೊದ್ಲು ಸರಿ ಮಾಡಿ ಮುಗಿಸಿ."

ಹಾಲು ಮೀಟರ್ ತಲುಪುವ ಮುಂಚೆಯೇ ಗಾಳಿ ಹೊರಬಿಡುವ ಸಾಧನವನ್ನು ಪೈಪಿಗೆ ಕೂರಿಸಿದೆ. ಹಾಲು ತಳ ಮುಟ್ಟುವ ಮೊದಲೇ ಪಂಪ್ ತಾನಾಗಿ ನಿಲ್ಲುವಂತೆ ಲೆವೆಲ್ ಸ್ವಿಚ್ ಹಾಕಿದೆ. ಅದೇ ಸಂಜೆ ಬೇಲೂರು ಆಫೀಸಿನಿಂದ ಧರಣಪ್ಪನವರಿಗೆ ನಾಳೆಯಿಂದ ಬರಬೇಡಿ ಎಂದು ಫೋನ್ ಹೋಯಿತು. ಮರುದಿನ ಹೊಸಬ ಲೋಡ್ ಮಾಡಿದ. ಲೆಕ್ಕ ತಾಳೆಯಾಯಿತು.

"ನೋಡಿದ್ರಾ ಸಾರ್? ಅವನು ಹೋದ ದಿನವೇ ಹಾಲು ಸರಿಹೋಯ್ತು!" ಎಂದರು ನಟೇಶ್.

ನಾನು ವಿವರಿಸಿದೆ. ಸ್ವಿಚ್ ಬಿಚ್ಚಿ ಒಂದೇ ಒಂದು ದಿನ ಹಳೆಯ ಕ್ರಮದಲ್ಲಿ, ಧರಣಪ್ಪನವರ ಕೈಯಲ್ಲೇ ಲೋಡ್ ಮಾಡಿಸಿ ತೋರಿಸುತ್ತೇನೆ ಎಂದೆ.

"ಸರಿಯಾಗಿರೋದನ್ನ ಕೆಡಿಸಿ ತೋರಿಸ್ತೀನಿ ಅಂತೀರಲ್ಲ, ಚೆನ್ನಾಗಿದೆ!"

ವರದಿಯಲ್ಲಿ ಗಾಳಿಯ ವಿಷಯ ಪೂರ್ತಿ ಬರೆದೆ. ಅವರಿಗೆ ಬೇಕಾಗಿದ್ದು ಕೊನೆಯ ಸಾಲು: ಮೀಟರ್ ಸರಿಯಿದೆ. ನಟೇಶ್ ಅವರ ಮೇಲಿನವರಿಗೂ ಫೋನ್ ಮಾಡಿದೆ. ಕೊರತೆ ನಿಂತಿದೆಯಲ್ಲ ಎಂದರು. ನಿಂತಿತ್ತು.

ಕೆಟ್ಟದ್ದನ್ನು ಸರಿಪಡಿಸಿದ ಕ್ಷಣ ಅದು ಕೆಟ್ಟಿತ್ತು ಎನ್ನುವುದಕ್ಕೆ ಸಾಕ್ಷಿಯೂ ಹೋಗುತ್ತದೆ. ಅಂದಿನಿಂದ, ದೋಷವನ್ನು ನೋಡಬೇಕಾದವರು ನೋಡದೆ ನಾನು ಸ್ಪ್ಯಾನರ್ ಮುಟ್ಟಿಲ್ಲ. ಧರಣಪ್ಪನವರಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಕೆಲವು ತಿಂಗಳ ನಂತರ ಹಳೇಬೀಡು ಬಸ್ ಸ್ಟ್ಯಾಂಡಿನಲ್ಲಿ ಅವರೇ ಗುರುತು ಹಿಡಿದು ಮಾತಾಡಿಸಿದರು. ಅವತ್ತು ಅವರಿಗೆ ತೋರಿಸಿಕೊಡಲು ನನ್ನಿಂದಾಗಲಿಲ್ಲ ಎಂದೆ.

"ಬಿಡಿ ಸಾ, ನೀವು ಹುಡುಕಿದ್ರಲ್ಲ" ಎಂದರು. ಆಮೇಲೆ ಕೇಳಿದರು: "ಈಗ ತಳದಲ್ಲಿ ಉಳಿಯೋ ಹಾಲು ಏನ್ ಮಾಡ್ತಾರೆ?"

ತೊಳೆದು ಬಿಡುತ್ತಾರೆ ಎಂದೆ.